ಬ್ರಾಡ್‌ವೇ ಅಪ್ಪಣೆಗೆ ಕಾಯದ ರಂಗ: ಮಾರ್ಗೊ ಜೋನ್ಸ್ ಮತ್ತು ಡಲ್ಲಾಸ್‌ನ 198 ಕುರ್ಚಿಗಳು

1955ರ ಜನವರಿ 10. ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರ. ಎಣಿಸಿದರೆ 198 ಕುರ್ಚಿಗಳಷ್ಟೇ ಇರುವ ಒಂದು ಪುಟ್ಟ ರಂಗಮಂದಿರ. ಎತ್ತರದ ವೇದಿಕೆ ಇಲ್ಲ, ಪರದೆ ಇಲ್ಲ, ಬಣ್ಣ ಬಳಿದ ಸೀನರಿಯೂ ಇಲ್ಲ. ನಡುವೆ ಖಾಲಿ ನೆಲ, ಸುತ್ತಲೂ ಜನ. ಆ ರಾತ್ರಿ ಅಲ್ಲಿ ಒಂದು ಹೊಸ ನಾಟಕದ ಮೊದಲ ಪ್ರದರ್ಶನ. ಶಾಲೆಯಲ್ಲಿ ಡಾರ್ವಿನ್‌ನ ವಿಕಾಸವಾದ ಹೇಳಿಕೊಟ್ಟ ತಪ್ಪಿಗೆ ಕಟಕಟೆ ಹತ್ತಬೇಕಾದ ಮೇಷ್ಟ್ರೊಬ್ಬರ ಕಥೆ. ನಾಟಕದ ಹೆಸರು 'ಇನ್ಹೆರಿಟ್ ದಿ ವಿಂಡ್'.

ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಇ. ಲೀ ಬರೆದ ಈ ನಾಟಕವನ್ನು ನ್ಯೂಯಾರ್ಕ್‌ನ ಬ್ರಾಡ್‌ವೇ ನಿರ್ಮಾಪಕರು ಒಬ್ಬರಾದ ಮೇಲೊಬ್ಬರು ಬೇಡ ಅಂದಿದ್ದರು. ದೇಶದ ದೊಡ್ಡ ದೊಡ್ಡ ಥಿಯೇಟರುಗಳು ಮುಟ್ಟಲು ಹಿಂಜರಿದ ಸ್ಕ್ರಿಪ್ಟನ್ನು ಕೈಗೆತ್ತಿಕೊಂಡದ್ದು ಡಲ್ಲಾಸ್‌ನ ಈ ಪುಟ್ಟ ರಂಗ. ಅದೂ ಎಂಥ ರಾಜ್ಯದಲ್ಲಿ! 1920ರ ದಶಕದಲ್ಲಿ ಶಾಲಾ ಪಠ್ಯಪುಸ್ತಕಗಳಿಂದ ವಿಕಾಸವಾದವನ್ನು ಕಿತ್ತುಹಾಕಿಸಿದ್ದ ರಾಜ್ಯದಲ್ಲಿ.

ಆ ರಂಗವನ್ನು ಕಟ್ಟಿದವರು ಮಾರ್ಗೊ ಜೋನ್ಸ್. ಆಗ ಅವರಿಗೆ 43 ವರ್ಷ. ಮುಂದೆ ಆರೂವರೆ ತಿಂಗಳಷ್ಟೇ ಬದುಕಿದ್ದರು.

ಇವತ್ತು ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಟೆನೆಸ್ಸಿ ವಿಲಿಯಮ್ಸ್ ಗೊತ್ತು, ಬ್ರಾಡ್‌ವೇ ಗೊತ್ತು. ಆದರೆ ಕಲೆ ಅಂದರೆ ಮಹಾನಗರದಿಂದ ಉಳಿದ ಊರುಗಳಿಗೆ ಪಾರ್ಸೆಲ್ ಆಗಿ ಬರುವ ಸರಕು ಅನ್ನುವ ನಂಬಿಕೆಯನ್ನು ಅಮೆರಿಕದಲ್ಲಿ ಒಡೆದವರ ಪೈಕಿ ಈಕೆ ಮೊದಲ ಸಾಲಿನವರು. ಹೇಗೆ ಒಡೆದರು, ಎಲ್ಲಿ ಸೋತರು, ಎರಡನ್ನೂ ನೋಡಬೇಕು.

ವಕೀಲರ ಮಗಳು

ಮಾರ್ಗರೆಟ್ ವರ್ಜೀನಿಯಾ ಜೋನ್ಸ್ ಹುಟ್ಟಿದ್ದು 1911ರ ಡಿಸೆಂಬರ್ 12ರಂದು, ಪೂರ್ವ ಟೆಕ್ಸಾಸ್‌ನ ಲಿವಿಂಗ್‌ಸ್ಟನ್ ಅನ್ನುವ ಸಣ್ಣ ಊರಿನಲ್ಲಿ. ಸುತ್ತ ಪೈನ್ ಕಾಡು, ಮರದ ವ್ಯಾಪಾರ. ಅಪ್ಪ ವಕೀಲ, ಅಮ್ಮ ಶಿಕ್ಷಕಿ. ವೃತ್ತಿಪರ ನಾಟಕ ಅನ್ನುವುದು ಅಂಥ ಊರಿಗೆ ತುಂಬ ದೂರದ ಮಾತು. ಡೆಂಟನ್ ಊರಿನ ಹೆಣ್ಣುಮಕ್ಕಳ ಸರ್ಕಾರಿ ಕಾಲೇಜಿನಲ್ಲಿ ಓದಿ 1932ರಲ್ಲಿ ಪದವಿ, ಮರುವರ್ಷ ಸ್ನಾತಕೋತ್ತರ ಪದವಿ ಪಡೆದರು. ನಟಿಯಾಗುವ ಆಸೆ ಅವರಿಗೆ ಅಷ್ಟಾಗಿ ಇರಲಿಲ್ಲ. ನಾಟಕ ಮಾಡಿಸಬೇಕು, ನಿರ್ದೇಶಕಿ ಆಗಬೇಕು ಅನ್ನುವುದೇ ಹಟ. ಆ ಕಾಲದ ಅಮೆರಿಕದಲ್ಲಿ ಹೆಣ್ಣುಮಗಳೊಬ್ಬಳು ನಿರ್ದೇಶಕಿ ಆಗ್ತೀನಿ ಅಂದರೆ ಗಂಭೀರವಾಗಿ ತಗೊಳ್ಳುವವರು ಎಷ್ಟು ಜನ ಇದ್ದಿರಬಹುದು, ನೀವೇ ಊಹಿಸಿ.

ಓದು ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಪಾಸಡೀನಾ ಪ್ಲೇಹೌಸ್‌ನಲ್ಲಿ ತರಬೇತಿ. ಆಮೇಲೆ ಲೋಕ ಸುತ್ತುವ ಅವಕಾಶ ಸಿಕ್ಕಿತು. ಹೋದ ಕಡೆಯೆಲ್ಲ ನಾಟಕ ನೋಡಿದ್ದೇ ನೋಡಿದ್ದು. 1936ರಲ್ಲಿ ಮಾಸ್ಕೋದ ರಂಗೋತ್ಸವಕ್ಕೂ ಹೋಗಿಬಂದರು. ಅಲ್ಲಿ ಊರಿಗೊಂದು ಖಾಯಂ ತಂಡ, ವರ್ಷವಿಡೀ ಕೆಲಸ, ಕಲಾವಿದರಿಗೆ ನಿಗದಿತ ಸಂಬಳ. ಅಮೆರಿಕದಲ್ಲಿ ಇದು ಕನಸಿನಲ್ಲೂ ಇಲ್ಲದ ವ್ಯವಸ್ಥೆ.

ಯಾಕೆ ಇರಲಿಲ್ಲ? ಒಂದು ಕಾಲಕ್ಕೆ ಅಮೆರಿಕದ ಊರೂರಿಗೂ ರೈಲಿನಲ್ಲಿ ನಾಟಕ ಕಂಪನಿಗಳು ಬರುತ್ತಿದ್ದವು. ಸಿನಿಮಾ ಬಂತು, 1929ರ ಆರ್ಥಿಕ ಕುಸಿತ ಬಂತು, ಕಂಪನಿಗಳು ಮುಚ್ಚಿದವು. ವೃತ್ತಿಪರ ರಂಗಭೂಮಿ ಅನ್ನುವುದು ಹೆಚ್ಚುಕಮ್ಮಿ ನ್ಯೂಯಾರ್ಕ್‌ನ ಕೆಲವು ಬೀದಿಗಳಿಗೆ ಕುಗ್ಗಿತು. ಯಾವ ನಾಟಕ ಬದುಕಬೇಕು, ಯಾವುದು ಸಾಯಬೇಕು ಅಂತ ತೀರ್ಮಾನಿಸುವವರು ಬಂಡವಾಳ ಹಾಕುವ ಬೆರಳೆಣಿಕೆಯ ನಿರ್ಮಾಪಕರು ಮತ್ತು ಮೊದಲ ರಾತ್ರಿಯೇ ತೀರ್ಪು ಬರೆಯುವ ಕೆಲವು ವಿಮರ್ಶಕರು. ಉಳಿದ ಊರುಗಳ ಪಾಲಿಗೆ ಹವ್ಯಾಸಿ ತಂಡಗಳು, ಅಷ್ಟೇ.

ಈ ಕುಸಿತದ ನಡುವೆ ಸರ್ಕಾರ ಒಂದು ಪ್ರಯತ್ನ ಮಾಡಿತ್ತು. ರೂಸ್‌ವೆಲ್ಟ್ ಆಡಳಿತ 1935ರಲ್ಲಿ ನಿರುದ್ಯೋಗಿ ಕಲಾವಿದರಿಗೆ ಕೆಲಸ ಕೊಡಲು ಫೆಡರಲ್ ಥಿಯೇಟರ್ ಪ್ರಾಜೆಕ್ಟ್ ಶುರುಮಾಡಿತು. ಅದರ ಹೂಸ್ಟನ್ ಘಟಕದಲ್ಲಿ ಮಾರ್ಗೊ ಸಹಾಯಕ ನಿರ್ದೇಶಕಿಯಾಗಿ ದುಡಿದರು. ಈ ಯೋಜನೆಯ ನಾಟಕಗಳಲ್ಲಿ ಕಮ್ಯುನಿಸಂ ವಾಸನೆ ಇದೆ ಅಂತ ಸಂಸತ್ತಿನ ಸಮಿತಿಯೊಂದು ಬೆನ್ನುಹತ್ತಿತು. ಸಮಿತಿಯ ಮುಖ್ಯಸ್ಥ ಮಾರ್ಟಿನ್ ಡೈಸ್ ಟೆಕ್ಸಾಸ್‌ನವನೇ. 1939ರಲ್ಲಿ ಸಂಸತ್ತು ಯೋಜನೆಗೆ ಹಣ ನಿಲ್ಲಿಸಿತು, ಕಥೆ ಮುಗಿಯಿತು. ನ್ಯೂಯಾರ್ಕ್‌ನ ಬಂಡವಾಳ ಊರುಗಳಿಗೆ ಬರುವುದಿಲ್ಲ, ವಾಷಿಂಗ್‌ಟನ್‌ನ ಹಣ ಬಂದರೂ ಉಳಿಯುವುದಿಲ್ಲ. ಹಾಗಾದರೆ ಊರಿನಲ್ಲೇ ಕಟ್ಟುವುದು ಹೇಗೆ? ಮಾರ್ಗೊ ಮುಂದೆ ಬದುಕಿಡೀ ಉತ್ತರ ಹುಡುಕಿದ್ದು ಈ ಪ್ರಶ್ನೆಗೆ.

ಹೂಸ್ಟನ್‌ನ ಸೆಖೆ, ಹೋಟೆಲಿನ ಹಾಲ್

1936ರಲ್ಲಿ ಹೂಸ್ಟನ್ ನಗರಾಡಳಿತದ ಮನರಂಜನಾ ಇಲಾಖೆಯಲ್ಲಿ ಅವರಿಗೊಂದು ಕೆಲಸ ಸಿಕ್ಕಿತು. ಆಟದ ಮೈದಾನಗಳ ಮೇಲ್ವಿಚಾರಕರಿಗೆ ನಾಟಕ ಮಾಡಿಸುವುದನ್ನು ಕಲಿಸಬೇಕು. ಅಲ್ಲಿ ಸಿಕ್ಕ ಒಂದು ಸಣ್ಣ ಕಟ್ಟಡವನ್ನೇ ಹಿಡಿದುಕೊಂಡು ಹೂಸ್ಟನ್ ಕಮ್ಯುನಿಟಿ ಪ್ಲೇಯರ್ಸ್ ಅನ್ನುವ ತಂಡ ಕಟ್ಟಿದರು. ಬೆರಳೆಣಿಕೆಯ ಜನರಿಂದ ಶುರುವಾದ ತಂಡ ಕೆಲವೇ ವರ್ಷಗಳಲ್ಲಿ ನೂರಾರು ಜನರದ್ದಾಯಿತು. ಆಗಿನ ಒಂದು ರಂಗಪತ್ರಿಕೆ ನ್ಯೂಯಾರ್ಕ್ ಹೊರಗಿನ 12 ಪ್ರಮುಖ ನಿರ್ದೇಶಕರ ಪಟ್ಟಿ ಮಾಡಿದಾಗ ಅದರಲ್ಲಿದ್ದ ಒಬ್ಬಳೇ ಹೆಣ್ಣು ಮಾರ್ಗೊ.

ವೃತ್ತರಂಗ ಅವರ ಬದುಕಿಗೆ ಬಂದದ್ದು ಇಲ್ಲಿ. 1939ರಲ್ಲಿ ವಾಷಿಂಗ್‌ಟನ್‌ಗೆ ಹೋಗಿದ್ದಾಗ ಹೋಟೆಲೊಂದರಲ್ಲಿ ಜನರನ್ನು ಸುತ್ತ ಕೂರಿಸಿ ನಡುವೆ ಆಡಿದ ನಾಟಕ ನೋಡಿದರು. ಹೂಸ್ಟನ್‌ನ ಬೇಸಿಗೆ ಹೇಗಿರುತ್ತೆ ಅಂದರೆ ಮುಚ್ಚಿದ ನಾಟಕಶಾಲೆಯಲ್ಲಿ ಕೂರುವುದೇ ಶಿಕ್ಷೆ. ಹವಾನಿಯಂತ್ರಣ ಇದ್ದದ್ದು ಹೋಟೆಲುಗಳಲ್ಲಿ. ಆದರೆ ಹೋಟೆಲಿನ ಹಾಲಿನಲ್ಲಿ ವೇದಿಕೆ ಎಲ್ಲಿಂದ ಬರಬೇಕು? ಬೇಡವೇ ಬೇಡ, ಕುರ್ಚಿಗಳನ್ನು ಸುತ್ತ ಹಾಕೋಣ ಅಂತ ಬೇಸಿಗೆಯ ನಾಟಕಗಳನ್ನು ಅಲ್ಲೇ ಆಡಿಸಿದರು. ಒಂದು ದೊಡ್ಡ ರಂಗಚಳವಳಿಯ ಬೇರಿನಲ್ಲಿ ಹೀಗೊಂದು ಸೆಖೆಯ ಕಥೆಯೂ ಇದೆ.

ಈ ವಿಧಾನ ಮಾರ್ಗೊ ಕಂಡುಹಿಡಿದದ್ದೇನಲ್ಲ. ಸಿಯಾಟಲ್‌ನ ವಿಶ್ವವಿದ್ಯಾಲಯದಲ್ಲಿ ಗ್ಲೆನ್ ಹ್ಯೂಸ್ 1930ರ ದಶಕದಲ್ಲೇ ಇದನ್ನು ಮಾಡುತ್ತಿದ್ದರು, 1940ರಲ್ಲಿ ಅದಕ್ಕೆಂದೇ ಒಂದು ಕಟ್ಟಡವೂ ಎದ್ದಿತ್ತು. ಮಾಸ್ಕೋದಲ್ಲಿ ಓಖ್ಲೋಪ್ಕೋವ್ ಪ್ರಯೋಗಗಳು ನಡೆದಿದ್ದವು. ಮನುಷ್ಯರು ಕಥೆ ಕೇಳಲು ಬೆಂಕಿಯ ಸುತ್ತ ಕೂತ ಕಾಲದಿಂದಲೂ ಇರುವ ಜೋಡಣೆ ಇದು. ಬೀದಿನಾಟಕಕ್ಕೆ ವೃತ್ತಾಕಾರವಾಗಿ ನಿಂತು ನೋಡಿದ ನಿಮಗೂ ಹೊಸತಲ್ಲ. ವಿಶ್ವವಿದ್ಯಾಲಯದ ಪ್ರಯೋಗ, ಬೇಸಿಗೆಯ ಉಪಾಯ ಅನ್ನಿಸಿಕೊಂಡಿದ್ದ ಇದನ್ನು ಸಂಬಳ ಪಡೆಯುವ ಕಲಾವಿದರ ಖಾಯಂ ರಂಗಭೂಮಿಯನ್ನಾಗಿ ಮಾಡಿದ್ದು ಮಾರ್ಗೊ ಅವರ ಪಾಲು.

ವೃತ್ತದೊಳಗೆ ಏನಾಗುತ್ತೆ?

ಮಾಮೂಲಿ ನಾಟಕಶಾಲೆಯಲ್ಲಿ ವೇದಿಕೆ ಒಂದು ಚೌಕಟ್ಟು. ಜನ ಕತ್ತಲೆಯಲ್ಲಿ, ನಟರು ಬೆಳಕಿನಲ್ಲಿ, ನಡುವೆ ಕಾಣದ ಗೋಡೆ. ಮುಂದಿನ ಸಾಲಿನವರಿಗೆ ಎಲ್ಲ ಕಾಣುತ್ತೆ, ಬಾಲ್ಕನಿಯ ಕೊನೆಯಲ್ಲಿ ಕೂತವರಿಗೆ ನಟನ ತಲೆಗೂದಲಷ್ಟೇ ಕಾಣುತ್ತೆ. ಟಿಕೆಟ್ ದರವೂ ಅದಕ್ಕೆ ತಕ್ಕಂತೆ. ಅಂದರೆ ಆ ಕಟ್ಟಡದ ನಕ್ಷೆಯಲ್ಲೇ ವರ್ಗ ಭೇದ ಇದೆ.

ವೃತ್ತರಂಗದಲ್ಲಿ ಹೆಚ್ಚೆಂದರೆ ಕೆಲವು ಸಾಲುಗಳು. ತೀರ ಹಿಂದಿನವರಿಗೂ ನಟರ ಉಸಿರು ಕೇಳುವಷ್ಟು ಹತ್ತಿರ. ದೃಶ್ಯ ಮುಗಿಯಿತು ಅನ್ನುವುದನ್ನು ಹೇಳಲು ಪರದೆ ಇಲ್ಲ, ದೀಪ ಆರಿಸಬೇಕು. ಆ ಕತ್ತಲೆಯಲ್ಲಿ ನಟರು ಜನರ ನಡುವಿನ ದಾರಿಗಳಲ್ಲೇ ನಡೆದು ಹೋಗಬೇಕು, ಎಡವದೆ. ಎತ್ತರದ ಬೀರು, ಗೋಡೆ, ಬಾಗಿಲು ಇಡುವ ಹಾಗಿಲ್ಲ. ಇಟ್ಟರೆ ಆಚೆ ಕೂತವರಿಗೆ ಅಡ್ಡ. ಆದ್ದರಿಂದ ಒಂದು ಕುರ್ಚಿ, ಒಂದು ಮೇಜು, ಒಂದು ದೀಪ. ಮನೆ ಅಂತ ನಂಬಿಸುವ ಕೆಲಸ ನಟರದ್ದು, ಅದನ್ನು ಕಟ್ಟಿಕೊಳ್ಳುವ ಕೆಲಸ ನೋಡುವವರದ್ದು.

ಕಷ್ಟವೂ ಇದೆ. ಯಾವ ಕ್ಷಣದಲ್ಲೂ ನಟನ ಬೆನ್ನು ಯಾರಿಗೋ ಕಾಣುತ್ತಲೇ ಇರುತ್ತದೆ. ಮುಖದಿಂದಷ್ಟೇ ನಟಿಸುವವರು ಇಲ್ಲಿ ಸೋಲುತ್ತಾರೆ. ನಿರ್ದೇಶಕಿ ಪಾತ್ರಗಳನ್ನು ಸದಾ ಚಲನೆಯಲ್ಲಿಡಬೇಕು, ಆ ಚಲನೆಗೆ ಕಾರಣವೂ ಕಾಣಬೇಕು. ಸುಮ್ಮನೆ ಸುತ್ತಾಡಿಸಿದರೆ ಜನ ನಗ್ತಾರೆ. ವೇಷಭೂಷಣದ ಒಂದು ಗುಂಡಿ ಕಿತ್ತಿದ್ದರೂ ಗೊತ್ತಾಗುತ್ತೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ವೃತ್ತದಲ್ಲಿ ಕೂತಾಗ ನಟರ ಆಚೆಗೆ ನಿಮಗೆ ಕಾಣುವುದು ನಿಮ್ಮಂತೆಯೇ ನೋಡುತ್ತಿರುವ ಇತರ ಮುಖಗಳು. ಯಾವ ಮಾತಿಗೆ ಅವರು ಬೆಚ್ಚಿದರು, ಯಾವುದಕ್ಕೆ ಕಣ್ಣು ತಗ್ಗಿಸಿದರು, ಎಲ್ಲ ಕಾಣುತ್ತೆ. ನೀವು ನಕ್ಕದ್ದು ಅವರಿಗೂ ಕಾಣುತ್ತೆ. ಒಂದು ಊರು ತನ್ನನ್ನು ತಾನೇ ನೋಡಿಕೊಂಡ ಹಾಗೆ.

ಮತ್ತೆ ದುಡ್ಡಿನ ಲೆಕ್ಕ. ಸೀನರಿ ಬೇಡ, ಪರದೆ ಬೇಡ, ಮೇಲಿಂದ ಸೆಟ್ ಇಳಿಸುವ ಯಂತ್ರ ಬೇಡ. ಯಾವುದೇ ದೊಡ್ಡ ಕೋಣೆ ಸಾಕು. ಬಂಡವಾಳ ಇಲ್ಲದ ಊರಿಗೆ ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ಸೀನರಿಗೆ ಸುರಿಯಬೇಕಾದ ಹಣ ನಟರ ಸಂಬಳಕ್ಕೆ ಹೋಗುತ್ತದೆ. ಒಂದು ನಾಟಕ ಬಿದ್ದರೂ ಸಂಸ್ಥೆ ಬೀಳುವುದಿಲ್ಲ. ಅಪಾಯದ ಸ್ಕ್ರಿಪ್ಟ್ ಆಡುವ ಧೈರ್ಯ ಹುಟ್ಟಿದ್ದು ಬಹುಮಟ್ಟಿಗೆ ಈ ಲೆಕ್ಕದಿಂದ.

ಬ್ರಾಡ್‌ವೇ ಕಲಿಸಿದ ಪಾಠ

ಯುದ್ಧದ ವರ್ಷಗಳಲ್ಲಿ ಮಾರ್ಗೊ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಆಗಲೇ ಟೆನೆಸ್ಸಿ ವಿಲಿಯಮ್ಸ್ ಅನ್ನುವ, ಹೆಸರಿಲ್ಲದ, ಕಾಸಿಲ್ಲದ ನಾಟಕಕಾರನ ಪರಿಚಯವಾಯಿತು. ಅವನ ನಾಟಕಗಳನ್ನು ಹಿಡಿದುಕೊಂಡು ಊರೂರು ತಿರುಗಿದರು. ಆತ ಅವರಿಗೆ ಟೆಕ್ಸಾಸ್ ಸುಂಟರಗಾಳಿ ಅಂತ ಹೆಸರಿಟ್ಟ. ಅವರ ವೇಗಕ್ಕೆ ಆ ಹೆಸರು ಒಪ್ಪುತ್ತಿತ್ತು.

1944ರಲ್ಲಿ ಊರುಗಳಲ್ಲಿ ವೃತ್ತಿಪರ ರಂಗ ಕಟ್ಟುವ ಬಗ್ಗೆ ಅಧ್ಯಯನ ಮಾಡಲು ರಾಕ್‌ಫೆಲರ್ ಫೌಂಡೇಶನ್ ಫೆಲೋಶಿಪ್ ಕೊಟ್ಟಿತು. ಅಷ್ಟರಲ್ಲಿ ವಿಲಿಯಮ್ಸ್‌ನ 'ದಿ ಗ್ಲಾಸ್ ಮೆನಾಜರಿ' ನಾಟಕದ ಸಹನಿರ್ದೇಶನಕ್ಕೆ ಕರೆ ಬಂತು. ಅದನ್ನೆಲ್ಲ ಬದಿಗಿಟ್ಟು ಹೋದರು. ನಾಟಕ 1944ರ ಡಿಸೆಂಬರ್ 26ರಂದು ಷಿಕಾಗೋದಲ್ಲಿ ತೆರೆಕಂಡಾಗ ಜನ ಬರಲಿಲ್ಲ. ಇನ್ನೇನು ಮುಚ್ಚಬೇಕು ಅನ್ನುವಾಗ ಷಿಕಾಗೋದ ವಿಮರ್ಶಕರು ಮತ್ತೆ ಮತ್ತೆ ಬರೆದು ಜನರನ್ನು ಕರೆತಂದರು. ಮೂರು ತಿಂಗಳ ನಂತರ ನ್ಯೂಯಾರ್ಕ್‌ಗೆ ಹೋದಾಗ ಅದು ಇತಿಹಾಸವಾಯಿತು. ಗಮನಿಸಿ, ಆ ನಾಟಕವನ್ನು ಬದುಕಿಸಿದ್ದು ನ್ಯೂಯಾರ್ಕ್ ಅಲ್ಲದ ಊರು.

1946ರಲ್ಲಿ ಮಾರ್ಗೊ ಬ್ರಾಡ್‌ವೇನಲ್ಲಿ 'ಆನ್ ವಿಟ್ಮನ್ ಅವೆನ್ಯೂ' ನಾಟಕ ನಿರ್ದೇಶಿಸಿದರು. ಬಿಳಿಯರ ಬಡಾವಣೆಗೆ ಬಾಡಿಗೆಗೆ ಬರುವ ಕಪ್ಪು ಕುಟುಂಬವನ್ನು ನೆರೆಹೊರೆ ಹೇಗೆ ಹೊರದಬ್ಬುತ್ತೆ ಅನ್ನುವ ಕಥೆ. ಜಾತಿ ಕೇಳಿ ಮನೆ ಬಾಡಿಗೆ ಕೊಡುವ ನಮ್ಮ ಊರುಗಳಿಗೆ ಹೊಸದಾಗಿ ವಿವರಿಸಬೇಕಿಲ್ಲ. ಮುಖ್ಯ ಪಾತ್ರ ಮಾಡಿದ ಕಪ್ಪು ನಟ ಕೆನಡಾ ಲೀ ಮುಂದೆ ಕಮ್ಯುನಿಸ್ಟ್ ಬೇಟೆಯ ಕಾಲದಲ್ಲಿ ಕಪ್ಪುಪಟ್ಟಿಗೆ ಸೇರಿ ಕೆಲಸ ಕಳೆದುಕೊಂಡು 1952ರಲ್ಲಿ ತೀರಿಕೊಂಡರು.

ಅದೇ ವರ್ಷ ಇಂಗ್ರಿಡ್ ಬರ್ಗ್‌ಮನ್ ನಟಿಸಿದ 'ಜೋನ್ ಆಫ್ ಲೊರೇನ್' ನಿರ್ದೇಶಿಸುವ ಅವಕಾಶ. ದೊಡ್ಡ ತಾರೆ, ದೊಡ್ಡ ಹಣ. ನ್ಯೂಯಾರ್ಕ್ ತಲುಪುವ ಮೊದಲೇ ಮಾರ್ಗೊ ಅವರನ್ನು ಆ ಕೆಲಸದಿಂದ ತೆಗೆದುಹಾಕಲಾಯಿತು. ಬೇರೆಯವರ ಹಣದಲ್ಲಿ, ಬೇರೆಯವರ ಮನೆಯಲ್ಲಿ ಎಷ್ಟೇ ಚೆನ್ನಾಗಿ ದುಡಿದರೂ ಬಾಗಿಲು ತೋರಿಸಲು ಒಂದು ನಿಮಿಷ ಸಾಕು. ಮಾರ್ಗೊ ಟೆಕ್ಸಾಸ್‌ಗೆ ಮರಳಿದರು.

ಥಿಯೇಟರ್ 47

ಡಲ್ಲಾಸ್ ಯಾಕೆ? ಡಲ್ಲಾಸ್ ಮಾರ್ನಿಂಗ್ ನ್ಯೂಸ್ ಪತ್ರಿಕೆಯ ವಿಮರ್ಶಕ ಜಾನ್ ರೋಸೆನ್‌ಫೀಲ್ಡ್ ಅವರ ಒತ್ತಾಸೆ ಒಂದು ಕಾರಣ. ಊರಿನಲ್ಲಿ ತೈಲದ ಹಣ ಇತ್ತು, ನಾವೂ ದೊಡ್ಡ ನಗರ ಅನ್ನಿಸಿಕೊಳ್ಳುವ ಆಸೆಯೂ ಇತ್ತು. ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಣಿ ಆಯಿತು. ಯುದ್ಧ ಆಗಷ್ಟೇ ಮುಗಿದಿತ್ತು, ಹೊಸ ಕಟ್ಟಡಕ್ಕೆ ಸಾಮಗ್ರಿ ಸಿಗುವ ಕಾಲವಲ್ಲ. ಜಾಗಕ್ಕಾಗಿ ತಿಂಗಳುಗಟ್ಟಲೆ ಅಲೆದರು. ಕೊನೆಗೆ ಸಿಕ್ಕಿದ್ದು ಫೇರ್ ಪಾರ್ಕ್ ಅನ್ನುವ ವಸ್ತುಪ್ರದರ್ಶನ ಮೈದಾನದಲ್ಲಿದ್ದ ಒಂದು ಕಟ್ಟಡ. 1936ರಲ್ಲಿ ಟೆಕ್ಸಾಸ್ ಶತಮಾನೋತ್ಸವಕ್ಕೆ ತೈಲ ಕಂಪನಿಯೊಂದು ಕಟ್ಟಿಸಿದ್ದು, ವಿನ್ಯಾಸ ವಿಲಿಯಂ ಲೆಸ್ಕೇಜ್ ಅವರದ್ದು. ಒಳಗೆ ಕುರ್ಚಿ ಜೋಡಿಸಿದಾಗ ಹಿಡಿದದ್ದು 198.

1947ರ ಜೂನ್ 3ರಂದು ಬಾಗಿಲು ತೆರೆಯಿತು. ರಂಗದ ಹೆಸರು ಥಿಯೇಟರ್ 47. ವರ್ಷ ಬದಲಾದಂತೆ ಹೆಸರೂ ಬದಲಾಗಬೇಕು ಅನ್ನುವುದು ನಿಯಮ: ಥಿಯೇಟರ್ 48, ಥಿಯೇಟರ್ 49. ಯುರೋಪಿನ ಒಂದು ಚೆಕ್ ತಂಡದಿಂದ ಕಲಿತ ಉಪಾಯ ಇದು. ರಂಗಭೂಮಿ ಆಯಾ ವರ್ಷಕ್ಕೆ ಸೇರಿದ್ದಾಗಿರಬೇಕು, ಹಳೆಯ ಕೀರ್ತಿಯಲ್ಲಿ ಕೂರಬಾರದು ಅನ್ನುವುದು ಅದರ ಹಿಂದಿನ ಯೋಚನೆ.

ಅಮೆರಿಕದ ಮೊದಲ ವೃತ್ತಿಪರ ವೃತ್ತರಂಗ ಇದು. ಲಾಭಕ್ಕಲ್ಲದೆ ನಡೆಯುವ, ಊರಿನಲ್ಲೇ ನೆಲೆಸಿದ ವೃತ್ತಿಪರ ತಂಡಗಳ ಈಗಿನ ವ್ಯವಸ್ಥೆಗೆ ಮಾದರಿಯೂ ಇದೇ. ನಟರಿಗೆ ಸೀಸನ್ ಪೂರ್ತಿ ಸಂಬಳ. ಇವತ್ತು ರಾಣಿ ಆದವಳು ಮುಂದಿನ ನಾಟಕದಲ್ಲಿ ಕೆಲಸದವಳು ಆಗಬಹುದು. ಆಯ್ಕೆಯ ನಿಯಮವಂತೂ ಕಟ್ಟುನಿಟ್ಟು: ಒಂದೋ ಕ್ಲಾಸಿಕ್, ಇಲ್ಲವೇ ಹೊಚ್ಚ ಹೊಸ ನಾಟಕ. ಬ್ರಾಡ್‌ವೇನಲ್ಲಿ ನಿನ್ನೆ ಗೆದ್ದದ್ದನ್ನು ತಂದು ಇಲ್ಲಿ ಆಡುವಂತಿಲ್ಲ.

ಹೊಸ ನಾಟಕ ಅಂದರೆ ಟಿಕೆಟ್ ಮಾರಾಟಕ್ಕೆ ಕುತ್ತು ಅನ್ನುವುದು ಎಲ್ಲ ಕಾಲದ ವ್ಯಾವಹಾರಿಕ ಬುದ್ಧಿ. ಮಾರ್ಗೊ ಉದ್ಘಾಟನೆಗೇ ಆರಿಸಿದ್ದು ವಿಲಿಯಂ ಇಂಜ್ ಅನ್ನುವ ಅಪರಿಚಿತನ ಮೊದಲ ನಾಟಕವನ್ನು. ಅದೇ ಬೇಸಿಗೆಯಲ್ಲಿ ಇಬ್ಸನ್‌ನ 'ಹೆಡ್ಡಾ ಗ್ಯಾಬ್ಲರ್' ಜೊತೆಗೆ ವಿಲಿಯಮ್ಸ್‌ನ 'ಸಮ್ಮರ್ ಅಂಡ್ ಸ್ಮೋಕ್' ಮೊದಲ ಬಾರಿಗೆ ರಂಗಕ್ಕೆ ಬಂತು. ಇಂಜ್ ಮುಂದೆ ಪುಲಿಟ್ಜರ್ ಗೆದ್ದ ನಾಟಕಕಾರನಾದ.

'ಸಮ್ಮರ್ ಅಂಡ್ ಸ್ಮೋಕ್' ಕಥೆ ಇಲ್ಲಿಗೇ ಮುಗಿಯಲಿಲ್ಲ. ಡಲ್ಲಾಸ್‌ನಲ್ಲಿ ಜನ ಮೆಚ್ಚಿದ ಈ ನಾಟಕವನ್ನು ಮಾರ್ಗೊ 1948ರಲ್ಲಿ ಬ್ರಾಡ್‌ವೇಗೆ ಒಯ್ದರು. ದೊಡ್ಡ ಚೌಕಟ್ಟಿನ ವೇದಿಕೆ, ಭಾರಿ ಸೆಟ್. ನಾಟಕ ಸೋತಿತು, ನಿರ್ದೇಶನಕ್ಕೆ ಟೀಕೆ ಬಂತು, 102 ಪ್ರದರ್ಶನಗಳಿಗೆ ನಿಂತಿತು. ನಾಲ್ಕು ವರ್ಷಗಳ ನಂತರ, ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನಲ್ಲಿ ಹಳೆಯ ನೈಟ್‌ಕ್ಲಬ್ ಒಂದರಲ್ಲಿ ಹೋಸೆ ಕಿಂಟೇರೊ ಅದೇ ನಾಟಕವನ್ನು ಜನರ ಮಧ್ಯೆ, ಹತ್ತಿರದಲ್ಲಿ ಆಡಿಸಿದರು. ನಟಿ ಜೆರಾಲ್ಡಿನ್ ಪೇಜ್ ರಾತ್ರೋರಾತ್ರಿ ಹೆಸರಾದರು. ಬ್ರಾಡ್‌ವೇ ಹೊರಗಿನ ಸಣ್ಣ ರಂಗಗಳನ್ನು ವಿಮರ್ಶಕರು ಗಂಭೀರವಾಗಿ ನೋಡತೊಡಗಿದ್ದೇ ಆ ಪ್ರಯೋಗದಿಂದ. ಸೋತಿದ್ದು ನಾಟಕವೋ, ಅದನ್ನು ತುರುಕಿದ ಚೌಕಟ್ಟೋ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತ್ತು.

1951ರಲ್ಲಿ ಮಾರ್ಗೊ 'ಥಿಯೇಟರ್ ಇನ್ ದಿ ರೌಂಡ್' ಅನ್ನುವ ಪುಸ್ತಕ ಬರೆದರು. ಸಿದ್ಧಾಂತಕ್ಕಿಂತ ಹೆಚ್ಚಾಗಿ ಅದೊಂದು ಕೈಪಿಡಿ. ಜಾಗ ಹುಡುಕುವುದು, ಹಣ ಎತ್ತುವುದು, ತಂಡ ಕಟ್ಟುವುದು, ಸ್ಕ್ರಿಪ್ಟ್ ಆರಿಸುವುದು, ಎಲ್ಲ ಅದರಲ್ಲಿತ್ತು. ದೇಶದ ಪ್ರತಿ ದೊಡ್ಡ ಊರಿನಲ್ಲೂ ಇಂಥದ್ದೊಂದು ರಂಗ ಇರಬೇಕು ಅನ್ನುವುದು ಅವರ ಬಯಕೆ.

ಡಾರ್ವಿನ್ ಡಲ್ಲಾಸ್‌ಗೆ ಬಂದಾಗ

1925ರಲ್ಲಿ ಟೆನೆಸ್ಸಿ ರಾಜ್ಯದ ಡೇಟನ್ ಊರಿನಲ್ಲಿ ಜಾನ್ ಸ್ಕೋಪ್ಸ್ ಅನ್ನುವ ಶಿಕ್ಷಕರ ಮೇಲೆ ಮೊಕದ್ದಮೆ ನಡೆದಿತ್ತು. ಮನುಷ್ಯ ಕೆಳಸ್ತರದ ಜೀವಿಗಳಿಂದ ವಿಕಾಸವಾದ ಅಂತ ಸರ್ಕಾರಿ ಶಾಲೆಯಲ್ಲಿ ಹೇಳಿಕೊಡುವುದನ್ನು ಆ ರಾಜ್ಯದ ಕಾನೂನು ನಿಷೇಧಿಸಿತ್ತು. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ಆ ಕಾನೂನು ರದ್ದಾಗಿದ್ದು 1967ರಲ್ಲಿ.

ಲಾರೆನ್ಸ್ ಮತ್ತು ಲೀ ಈ ಹಳೆಯ ಮೊಕದ್ದಮೆಯನ್ನು ನಾಟಕ ಮಾಡಿದಾಗ ಅವರ ಕಣ್ಣಿದ್ದದ್ದು ತಮ್ಮ ಕಾಲದ ಮೇಲೆ. ಸೆನೆಟರ್ ಜೋಸೆಫ್ ಮೆಕಾರ್ಥಿ ಕಮ್ಯುನಿಸ್ಟ್ ಬೇಟೆ ನಡೆಸುತ್ತಿದ್ದ ಕಾಲ ಅದು. ಬರಹಗಾರರು, ಮೇಷ್ಟ್ರುಗಳು, ನಟರು ಏನು ಓದಿದರು, ಯಾರ ಜೊತೆ ಸಭೆಗೆ ಹೋದರು ಅನ್ನುವುದಕ್ಕೆಲ್ಲ ಕೆಲಸ ಕಳೆದುಕೊಳ್ಳುತ್ತಿದ್ದರು. ಯೋಚಿಸುವ ಹಕ್ಕು ಯಾರದು ಅನ್ನುವುದೇ ನಾಟಕದ ಪ್ರಶ್ನೆ. ನೇರವಾಗಿ ಕೇಳಲಾಗದ್ದನ್ನು 30 ವರ್ಷ ಹಿಂದಿನ ಕೋರ್ಟ್ ಮೂಲಕ ಕೇಳಿದರು. ನ್ಯೂಯಾರ್ಕ್‌ನ ಹಣವಂತರು ಯಾಕೆ ಹಿಂಜರಿದರು ಅಂತ ಅರ್ಥ ಮಾಡಿಕೊಳ್ಳುವುದು ಕಷ್ಟವೇನಲ್ಲ.

ವಕೀಲರ ಮಗಳು ಕೋರ್ಟ್ ನಾಟಕವನ್ನು ತನ್ನ ಪುಟ್ಟ ವೃತ್ತಕ್ಕೆ ತಂದರು. ಧರ್ಮನಿಷ್ಠೆ ಗಟ್ಟಿಯಾಗಿದ್ದ ಊರು ಅದು. ಇಲ್ಲಿ ಆ ಜೋಡಣೆಯ ನಿಜವಾದ ಬಲ ಕಾಣುತ್ತೆ: ಕೋರ್ಟ್ ಹಾಲಿನ ಜನಜಂಗುಳಿಯ ಕಥೆಯನ್ನು ನಾಲ್ಕೂ ಕಡೆ ಕೂತು ನೋಡುವಾಗ ಪ್ರೇಕ್ಷಕರೇ ಆ ಊರಿನ ಜನ, ಅವರೇ ಜ್ಯೂರಿ. ಡಲ್ಲಾಸ್ ನಾಟಕವನ್ನು ಒಪ್ಪಿಕೊಂಡಿತು. ಮೂರೇ ತಿಂಗಳಲ್ಲಿ, ಏಪ್ರಿಲ್ 21ರಂದು, ಅದೇ ನಾಟಕ ಬ್ರಾಡ್‌ವೇ ತಲುಪಿತು. ಹರ್ಮನ್ ಶಮ್ಲಿನ್ ನಿರ್ದೇಶನ, ಪಾಲ್ ಮ್ಯೂನಿ ಮುಖ್ಯ ಪಾತ್ರ, ನಿರ್ಮಾಣದಲ್ಲಿ ಮಾರ್ಗೊ ಸಹಭಾಗಿ. 806 ಪ್ರದರ್ಶನಗಳು. 1960ರಲ್ಲಿ ಸಿನಿಮಾ ಆಯಿತು.

ನಮ್ಮಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಭಾಗವನ್ನು ಕೈಬಿಟ್ಟಾಗ ವಿಜ್ಞಾನಿಗಳೂ ಶಿಕ್ಷಕರೂ ಸಹಿ ಸಂಗ್ರಹಿಸಿದ್ದು ನಿಮಗೆ ನೆನಪಿರಬಹುದು. ಆ ನಾಟಕ ಹಳತಾಗುವ ಲಕ್ಷಣ ಕಾಣುತ್ತಿಲ್ಲ.

ವೃತ್ತದ ಹೊರಗೆ ಉಳಿದವರು

ಇಷ್ಟು ಹೇಳಿ ನಿಲ್ಲಿಸಿದರೆ ಇದು ಬರೀ ಹೊಗಳಿಕೆ ಆಗುತ್ತೆ.

ವೃತ್ತದಲ್ಲಿ ಎಲ್ಲರೂ ಸಮಾನ ಅಂತೀವಿ. ಆದರೆ ವೃತ್ತದೊಳಗೆ ಬರುವವರು ಯಾರು? ಮಾರ್ಗೊ ಅವರ ರಂಗ ಇದ್ದ ಡಲ್ಲಾಸ್ ವರ್ಣಭೇದದ ಊರು. ರಂಗ ಇದ್ದ ಫೇರ್ ಪಾರ್ಕ್‌ನಲ್ಲಿ ಪ್ರತಿವರ್ಷ ಟೆಕ್ಸಾಸ್ ರಾಜ್ಯ ಮೇಳ ನಡೆಯುತ್ತಿತ್ತು. ಅದರಲ್ಲಿ ಕಪ್ಪು ಜನರ ಸಾಧನೆಯ ದಿನ ಅನ್ನುವ ಹೆಸರಿನಲ್ಲಿ ಅವರಿಗೊಂದು ಪ್ರತ್ಯೇಕ ದಿನ ನಿಗದಿ. 1955ರ ಅಕ್ಟೋಬರ್‌ನಲ್ಲಿ ಜುವಾನಿಟಾ ಕ್ರಾಫ್ಟ್ ಮಾರ್ಗದರ್ಶನದಲ್ಲಿ ಕಪ್ಪು ಹುಡುಗ ಹುಡುಗಿಯರು ಆ ಮೇಳದ ಗೇಟಿನೆದುರು ಫಲಕ ಹಿಡಿದು ನಿಂತರು. ನಮಗೆ ಒಂದು ದಿನದ ಭಿಕ್ಷೆ ಬೇಡ ಅನ್ನುವುದು ಅವರ ನಿಲುವು. ಯೋಚಿಸುವ ಸ್ವಾತಂತ್ರ್ಯದ ನಾಟಕ ಮೊದಲು ಆಡಿದ ಮೈದಾನದಲ್ಲೇ, ಅದೇ ವರ್ಷ.

ಹಣದ ಪ್ರಶ್ನೆಯೂ ಇದೆ. ಕಟ್ಟಡ ತೈಲ ಕಂಪನಿಯದ್ದು, ದೇಣಿಗೆ ಊರಿನ ಶ್ರೀಮಂತರದ್ದು. ಮಾರ್ಗೊ ಅವರ ಮನವೊಲಿಸುವ ಶಕ್ತಿ ಎಷ್ಟಿತ್ತು ಅಂದರೆ ಆ ಹಣದಿಂದಲೇ ಡಾರ್ವಿನ್ ನಾಟಕ ಆಡಿಸಿದರು. ಆದರೆ 198 ಕುರ್ಚಿಗಳ ಆದಾಯ ಮತ್ತು ದಾನಿಗಳ ಒಲವಿನ ಮೇಲೆ ನಿಂತ ಸಂಸ್ಥೆಯ ಆಯುಷ್ಯ ಎಷ್ಟು? ಆ ಪರೀಕ್ಷೆ ಬಹಳ ಬೇಗ ಬಂತು.

ಒಂದು ಕಾರ್ಪೆಟ್

1955ರ ಜುಲೈ. 'ಇನ್ಹೆರಿಟ್ ದಿ ವಿಂಡ್' ನ್ಯೂಯಾರ್ಕ್‌ನಲ್ಲಿ ಓಡುತ್ತಿದೆ. ಡಲ್ಲಾಸ್‌ನಲ್ಲಿ ಮಾರ್ಗೊ ಅವರ ಮನೆಯ ಕಾರ್ಪೆಟ್ ಮೇಲೆ ಬಣ್ಣದ ಕಲೆಗಳಾಗಿದ್ದವು. ಅದನ್ನು ತೆಗೆಯಲು ಬಳಸಿದ್ದು ಕಾರ್ಬನ್ ಟೆಟ್ರಾಕ್ಲೋರೈಡ್. ಆ ದಿನಗಳಲ್ಲಿ ಮನೆಮನೆಯಲ್ಲೂ ಇರುತ್ತಿದ್ದ ಕ್ಲೀನಿಂಗ್ ದ್ರಾವಣ, ಮೂತ್ರಪಿಂಡ ಮತ್ತು ಯಕೃತ್ತನ್ನು ಸುಡುವ ವಿಷ. ಅದರ ಆವಿ ಮಾರ್ಗೊ ಅವರ ದೇಹ ಸೇರಿತು. ಜುಲೈ 24ರಂದು ತೀರಿಕೊಂಡರು.

ಡಲ್ಲಾಸ್‌ನಲ್ಲಿ ಎಂಟು ವರ್ಷ. 85 ನಾಟಕಗಳು, ಅವುಗಳಲ್ಲಿ 57 ಹೊಸವು. ಇವತ್ತು ಯಾವುದಾದರೂ ರಂಗಸಂಸ್ಥೆ ಈ ಅನುಪಾತ ಸಾಧಿಸಿದರೆ ಸುದ್ದಿಯಾಗುತ್ತೆ.

ಅವರ ನಂತರ ರಂಗವನ್ನು ನಡೆಸಲು ಜೊತೆಗಾರರು ಪ್ರಯತ್ನಪಟ್ಟರು. ಥಿಯೇಟರ್ 56, 57, 58, 59. 1959ರಲ್ಲಿ ಮುಚ್ಚಿತು. ಕಾರಣ ಹಲವು ಇದ್ದಿರಬಹುದು, ಆದರೆ ಎದ್ದು ಕಾಣುವುದು ಒಂದು. ಹಣ ಎತ್ತುವುದು, ಸ್ಕ್ರಿಪ್ಟ್ ಹುಡುಕುವುದು, ನಿರ್ದೇಶಿಸುವುದು, ಊರಿನ ಜೊತೆ ಮಾತಾಡುವುದು ಎಲ್ಲವೂ ಒಬ್ಬರ ಮೇಲೆ ನಿಂತಿತ್ತು. ಒಬ್ಬರ ಉತ್ಸಾಹದ ಸುತ್ತ ಸಂಘಟನೆ ಕಟ್ಟುವ ಎಲ್ಲರೂ ಈ ನಾಲ್ಕು ವರ್ಷಗಳ ಕಥೆಯನ್ನು ಒಮ್ಮೆ ಓದಬೇಕು. ಎಂಥ ಸುಂಟರಗಾಳಿಯಾದರೂ ಎರಡನೇ ಸಾಲಿನ ನಾಯಕತ್ವಕ್ಕೆ ಪರ್ಯಾಯವಲ್ಲ.

ಆದರೆ ಮಾದರಿ ಉಳಿಯಿತು. ಹೂಸ್ಟನ್‌ನಲ್ಲಿ ಮಾರ್ಗೊ ತಂಡದಲ್ಲಿ ಪಳಗಿದ ನೀನಾ ವಾನ್ಸ್ 1947ರಲ್ಲಿ 214 ಪೋಸ್ಟ್‌ಕಾರ್ಡ್ ಬರೆದು ಜನ ಸೇರಿಸಿ ಆ್ಯಲಿ ಥಿಯೇಟರ್ ಶುರುಮಾಡಿದರು. ಅದು ಇವತ್ತಿಗೂ ನಡೆಯುತ್ತಿದೆ. ವಾಷಿಂಗ್‌ಟನ್‌ನಲ್ಲಿ ಜೆಲ್ಡಾ ಫಿಚಾಂಡ್ಲರ್ ಮತ್ತು ಸಂಗಾತಿಗಳು ಮಾರ್ಗೊ ಅವರಿಂದ ಪ್ರೇರಣೆ ಪಡೆದು 1950ರಲ್ಲಿ ಅರೀನಾ ಸ್ಟೇಜ್ ಅನ್ನುವ ವೃತ್ತರಂಗ ತೆರೆದರು. ಕಪ್ಪು ಜನರ ಜೊತೆ ಬಿಳಿಯರನ್ನು ಕೂರಿಸಲು ಒಪ್ಪದೆ ಆ ನಗರದ ಮುಖ್ಯ ನಾಟಕಶಾಲೆ 1948ರಲ್ಲಿ ನಾಟಕವನ್ನೇ ನಿಲ್ಲಿಸಿಬಿಟ್ಟಿತ್ತು. ಅರೀನಾ ಸ್ಟೇಜ್ ಮಾತ್ರ ಮೊದಲ ದಿನದಿಂದಲೇ ಎಲ್ಲರಿಗೂ ಬಾಗಿಲು ತೆರೆಯಿತು. ಡಲ್ಲಾಸ್ ಊರು ಉತ್ತರ ಕೊಡದೆ ಬಿಟ್ಟ ಪ್ರಶ್ನೆಗೆ ಅಲ್ಲೊಂದು ಉತ್ತರ ಸಿಕ್ಕಿತು.

1961ರಲ್ಲಿ ಲಾರೆನ್ಸ್ ಮತ್ತು ಲೀ ಹೊಸ ನಾಟಕಗಳಿಗೆ ಬೆಂಬಲ ಕೊಡುವವರಿಗಾಗಿ ಮಾರ್ಗೊ ಜೋನ್ಸ್ ಪ್ರಶಸ್ತಿ ಸ್ಥಾಪಿಸಿದರು. 1973ರಲ್ಲಿ ಅರೀನಾ ಸ್ಟೇಜ್ ಸೋವಿಯತ್ ಒಕ್ಕೂಟಕ್ಕೆ ಪ್ರವಾಸ ಹೋಯಿತು, ಅಮೆರಿಕದ ಪ್ರಾದೇಶಿಕ ರಂಗವೊಂದಕ್ಕೆ ಅಂಥ ಅವಕಾಶ ಸಿಕ್ಕಿದ್ದು ಅದೇ ಮೊದಲು. ಅವರು ಒಯ್ದ ಎರಡು ನಾಟಕಗಳಲ್ಲಿ ಒಂದು 'ಇನ್ಹೆರಿಟ್ ದಿ ವಿಂಡ್'. ಊರಿಗೊಂದು ಖಾಯಂ ತಂಡ ಇರಬಹುದು ಅಂತ 1936ರಲ್ಲಿ ಮಾರ್ಗೊ ಕಣ್ಣಾರೆ ಕಂಡುಬಂದ ಮಾಸ್ಕೋಗೆ, ಬ್ರಾಡ್‌ವೇ ಮೊದಲು ಬೇಡ ಅಂದ ನಾಟಕ ಹೀಗೆ ಹೋಯಿತು.

ಫೇರ್ ಪಾರ್ಕ್‌ನ ಆ ಕಟ್ಟಡ ಈಗಲೂ ಇದೆ. ಅದರೊಳಗಿನ ಸಣ್ಣ ರಂಗಕ್ಕೆ ಈಗ ಮಾರ್ಗೊ ಜೋನ್ಸ್ ಹೆಸರು. ಹೊಸ ವರ್ಷ ಬಂದಾಗ ಆ ಹೆಸರನ್ನು ಯಾರೂ ಬದಲಾಯಿಸುವುದಿಲ್ಲ.